ಬೆಟ್ಟ ಗೆದ್ದ ಜಪಾನಿ ಹುಡುಗರು

ಹೌನ್ಸ್ಲೋ, ಲಂಡನ್

ಅಣ್ಣಾಗ ನೀಲಾನ ಶರಣು.

ಫೋನಿನ್ಯಾಗ ಮಾತಾಡಿದ್ರ ಮನಿ ಮಂದಿಗೆಲ್ಲಾ ಕೇಳ್ತದ, ಅದಕ್ಕ ಕಾರ್ಡ್ ಬರೀಲಿಕ್ಕತ್ತೀನಿ. ಬಸ್ಸಿನ್ಯಾಗ ಯಾವನೋ ನಮ್ಮ ಮೊಮ್ಮಗ ಸಮರ್ಥಗ ‘ನಿಮ್ಮ ದೇಶಕ್ಕ ಹೋಗು’ ಅಂದಾನ. ಅವತ್ತಿನಿಂದ ಇಂವ ಇಲ್ಲಿ ಮಿಲ್ಟ್ರಿ ಸೇರ್ತೀನಿ ಅಂತ ಹಟಾ ಹಿಡದಾನ.

ನಿನ್ನಿ ನನ್ನ ಲೈಬ್ರರಿಗೆ ಕರಕೊಂಡು ಹೋಗಿ ಎರಡನೇ ಮಹಾಯುದ್ಧದ ಫೋಟೋ ತೋರಿಸಿದ. ಅಮೆರಿಕಾದಾಗ ಹುಟ್ಟಿದ ಜಪಾನಿ ಹುಡುಗರು, ಅಮೆರಿಕಾದ ಸಲುವಾಗೇ ಇಟಲಿ ಬೆಟ್ಟದಾಗ ಜರ್ಮನರ ಕೂಡ ಹೊಡದಾಡಿದವರು. “ಸೀ ಅಜ್ಜಿ, ಆಮ್ಯಾಲೆ ಯಾರೂ ಡೌಟ್ ಮಾಡಲಿಲ್ಲ” ಅಂದ.

ಬಾಜೂಕಿನ ಫೋಟೋ ಆಂವ ನೋಡೇ ಇರಲಿಲ್ಲ. ಅದರಾಗ ಅವರೊಳಗಿನ ಒಬ್ಬ ಸಿಪಾಯಿ ಗಾಯಾದ ಕೈಗೆ ಪಟ್ಟಿ ಕಟಗೊಂಡು ಮುಳ್ಳುತಂತಿ ಹೊರಗ ನಿಂತಾನ. ಒಳಗ ಅವರವ್ವ. ಜಪಾನಿನ ಕೂಡ ಯುದ್ಧ ಹತ್ತಿದ್ದಕ್ಕ, ತನ್ನಲ್ಲಿದ್ದ ಜಪಾನಿ ಮಂದೀನ್ನ ಅಮೆರಿಕಾ ಸರಕಾರನ ಹಂಗ ಕೂಡಿಹಾಕಿತ್ತಂತ. ಬಾಗಲಿಗೆ ಬಂದೂಕು ಹಿಡದು ನಿಂತ ಕಾವಲುಗಾರಂದೂ ಮಗನ ಮೈಮ್ಯಾಲಿದ್ದಂಥಾದ್ದೇ ಮಿಲ್ಟ್ರಿ ಡ್ರೆಸ್.

ನನ್ನ ಮೊಣಕಾಲು ಈಗ ಆರಾಮ ಅದ, ವೈನಿಗೆ ಹೇಳು. ಮುಂದಿನ ತಿಂಗಳು ಸಮರ್ಥ ಮಿಲ್ಟ್ರಿ ಕಾಗದಕ್ಕ ಸಹಿ ಹಾಕಾಂವ. ನೀ ಮಿಲ್ಟ್ರಿಯಾಗ ಇದ್ದು ಬಂದಾಂವ, ನಿನ್ನ ಮಾತು ಕೇಳ್ತಾನ. ಫೋನ್ ಹಚ್ಚಿ ಇಷ್ಟ ಕೇಳು: ಮಗ ಬೆಟ್ಟ ಗೆದ್ದು ಬಂದ ಮ್ಯಾಲೂ ಅವರವ್ವ ಯಾಕ ಬೇಲಿಯೊಳಗ ಇದ್ಲು?

ನೀಲಾ