ಒಂದು ತುಣುಕಿಗೆ ಒಂದೇ ಪೆಟ್ಟಿಗೆ

ಸಂಶೋಧನಾ ವಿದ್ಯಾರ್ಥಿನಿಯರ ವಸತಿಗೃಹ
ಭಾನುವಾರ, ಮಾರ್ಚ್ ೯

ನಮ್ಮ ಮನೆಯ ರಿಪೇರಿ ರಾಯರಿಗೆ ಅಕ್ಕನ ಪ್ರೀತಿಯ ಆಶೀರ್ವಾದಗಳು.

ಹೇಗಿದ್ದೀಯೋ ತಮ್ಮಾ? ಕೆಮ್ಮು ಕಡಿಮೆಯಾಯಿತೇ? ಶೈತ್ಯಾಗಾರದ ಕೆಲಸ ಎದೆಗೆ ಒಳ್ಳೆಯದಲ್ಲ, ಒಳಗೆ ಹೋಗುವಾಗ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿಕೋ. ಅಮ್ಮ ಇದ್ದಿದ್ದರೆ ಮೊದಲು ಕೇಳುತ್ತಿದ್ದದ್ದು "ಊಟ ಮಾಡಿದ್ಯಾ" ಅಂತಲೇ. ಅವಳು ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿದೆ, ಕೇಳುತ್ತಿದ್ದೇನೆ, ಹೊತ್ತು ಹೊತ್ತಿಗೆ ಊಟ ಮಾಡುತ್ತೀಯಾ? ಹಿಂದಿನ ಯಾವ ಪತ್ರಕ್ಕೂ ನೀನು ಉತ್ತರ ಬರೆದಿಲ್ಲ. ಪತ್ರಗಳು ವಾಪಸ್ಸೂ ಬಂದಿಲ್ಲ. ಆದ್ದರಿಂದ ವಿಳಾಸ ಸರಿಯಿದೆ, ಮನುಷ್ಯ ಮಾತ್ರ ಬಾಯಿ ಬಿಡುತ್ತಿಲ್ಲ ಎಂದು ತಿಳಿದುಕೊಂಡಿದ್ದೇನೆ. ಫೋನಂತೂ ನೀನು ಇಟ್ಟುಕೊಳ್ಳುವುದಿಲ್ಲ. ಯಾಕೆಂದು ನನಗೆ ಗೊತ್ತು, ಅದಕ್ಕಾಗಿ ಜಗಳ ಆಡುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಶಾಲೆಗೆ ರಜೆ ಹಾಕಿ ಈ ವಯಸ್ಸಿನಲ್ಲಿ ಪಿಎಚ್.ಡಿ. ಮಾಡಲು ಬಂದವಳನ್ನು ಮೊದಲ ದಿನ ಎಲ್ಲರೂ ಯಾರದೋ ತಾಯಿ ಎಂದುಕೊಂಡರು. ವಿಶ್ವವಿದ್ಯಾಲಯದ ಗ್ರಂಥಾಲಯ ದೊಡ್ಡದು. ನನ್ನ ವಿಷಯದ ಪುಸ್ತಕಗಳಿರುವುದು ಎರಡನೇ ಮಹಡಿಯಲ್ಲಿ, ಕಿಟಕಿಯಿಲ್ಲದ ಮೂಲೆಯಲ್ಲಿ. ಕಪಾಟಿನ ಈ ಮಗ್ಗುಲಿಗೆ ಭಯೋತ್ಪಾದನೆ, ಆ ಮಗ್ಗುಲಿಗೆ ಅದನ್ನು ಹತ್ತಿಕ್ಕುವ ಬಗೆ. ದಿನವಿಡೀ ಆ ಕಪಾಟಿಗೆ ಪ್ರದಕ್ಷಿಣೆ ಹಾಕುವುದೇ ನನ್ನ ಕೆಲಸ. ಕಂಪ್ಯೂಟರಿನಲ್ಲಿ ಬೇರೆ ದೊಡ್ಡ ಪಟ್ಟಿಯಿದೆ. ಊರು, ವರ್ಷ, ಬಳಸಿದ ಸ್ಫೋಟಕ, ಸತ್ತವರ ಸಂಖ್ಯೆ, ಹೀಗೆ ಒಂದು ಸ್ಫೋಟಕ್ಕೆ ಒಂದು ಸಾಲು. ನಮ್ಮ ಮಾರುಕಟ್ಟೆಯದೂ ಒಂದು ಸಾಲಿದೆ. ನಿನ್ನ ಅಂಗಡಿ ಎದುರಿನ ಟೈಲರ್ ಮಾಮ ಆ ಸಂಖ್ಯೆಯೊಳಗೆ ಸೇರಿಹೋಗಿದ್ದಾರೆ. ಅದನ್ನು ನೋಡಿದ ದಿನ ಮುಂದೆ ಓದಲಾಗದೆ ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ಸುಮ್ಮನೆ ನಿಂತಿದ್ದೆ.

ಇಲ್ಲಿ ನನಗೆ ಜೊತೆ ಕಡಿಮೆ. ಮೊದಮೊದಲು ಮಧ್ಯಾಹ್ನದ ಚಹಾಕ್ಕೆ ಕೆಲವು ಹುಡುಗಿಯರು ಕರೆಯುತ್ತಿದ್ದರು. ಒಂದು ದಿನ ಒಬ್ಬಳು, "ಮೇಡಂ, ಇಷ್ಟೊಂದು ಸಬ್ಜೆಕ್ಟ್ ಇರುವಾಗ ಇದೇ ಯಾಕೆ ಬೇಕಿತ್ತು ನಿಮಗೆ?" ಎಂದು ಕೇಳಿದಳು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲವೆಂದು ನಿನಗೆ ಗೊತ್ತಲ್ಲ. ನನ್ನ ತಮ್ಮನನ್ನು ಸ್ಫೋಟದ ಪ್ರಕರಣದಲ್ಲಿ ಹಿಡಿದು ಹಾಕಿದ್ದರು, ಅವನದೇನೂ ತಪ್ಪಿಲ್ಲ ಎಂದು ನ್ಯಾಯಾಲಯ ಬಿಡುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು, ಅಮ್ಮನೂ ಹೋಗಿಬಿಟ್ಟಿದ್ದಳು ಎಂದೆ. ಎಲ್ಲರೂ ಅಯ್ಯೋ ಪಾಪ ಎಂದರು. ಆಮೇಲೆ ಚಹಾಕ್ಕೆ ಕರೆಯುವುದು ನಿಂತಿತು. ಕೆಟ್ಟ ಹುಡುಗಿಯರೇನಲ್ಲ, ನನ್ನ ಹತ್ತಿರ ಏನು ಮಾತಾಡಬೇಕೆಂದು ಅವರಿಗೆ ತೋಚುವುದಿಲ್ಲ, ಅಷ್ಟೇ. ಉದ್ದನೆಯ ಮೇಜಿನ ನನ್ನ ತುದಿಯಲ್ಲಿ ಅಕ್ಕಪಕ್ಕದ ಕುರ್ಚಿಗಳು ಈಗ ಖಾಲಿ. ಒಂದರ ಮೇಲೆ ನನ್ನ ಸ್ವೆಟರ್, ಇನ್ನೊಂದರ ಮೇಲೆ ಒಂದೆರಡು ಪುಸ್ತಕ ಇಟ್ಟಿರುತ್ತೇನೆ. ನೋಡಿದವರಿಗೆ ಯಾರೋ ಎದ್ದು ಹೋಗಿದ್ದಾರೆ, ಈಗ ಬರುತ್ತಾರೆ ಎನ್ನಿಸಬೇಕು. ತುಂಬಾ ಒಂಟಿ ಅನ್ನಿಸುತ್ತದೆ ತಮ್ಮಾ.

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಆ ಕಪಾಟಿನಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಅದರಲ್ಲಿ ನೀನಿದ್ದೀಯ. ಹೆಸರಿಲ್ಲ, 'ಬಾಂಬಿಗೆ ಫೋನು ಸಿದ್ಧಪಡಿಸಿಕೊಟ್ಟ ರಿಪೇರಿ ಅಂಗಡಿಯವನು' ಎಂದಿದೆ. ನೀನು ಬಿಡುಗಡೆಯಾದ ಮಾತೇ ಇಲ್ಲ. ಮೈಯೆಲ್ಲ ಉರಿದುಹೋಯಿತು. ಬರೆದ ಪ್ರಾಧ್ಯಾಪಕರು ಇದೇ ಗ್ರಂಥಾಲಯದ ಪತ್ರಿಕಾ ತುಣುಕುಗಳನ್ನು ಆಧಾರವಾಗಿ ತೋರಿಸಿದ್ದರು, ನಾನೂ ನೆಲಮಾಳಿಗೆಗೆ ಇಳಿದು ಅವನ್ನು ತೆಗೆಸಿದೆ. ಪತ್ರಿಕೆಗಳನ್ನು ಕತ್ತರಿಸಿ ಒಂದೊಂದು ವಿಷಯಕ್ಕೆ ಒಂದೊಂದು ಪೆಟ್ಟಿಗೆ ಮಾಡಿ ಇಡುವುದು ಇಲ್ಲಿಯ ಹಳೆಯ ಪದ್ಧತಿ. ಒಂದು ತುಣುಕಿಗೆ ಒಂದೇ ಪೆಟ್ಟಿಗೆ, ಎರಡು ಕಡೆ ಇಡುವಂತಿಲ್ಲ. ನಿನ್ನನ್ನು ಹಿಡಿದ ಸುದ್ದಿಗಳೆಲ್ಲ ಭಯೋತ್ಪಾದನೆಯ ಪೆಟ್ಟಿಗೆಯಲ್ಲಿ ಕಂತೆ ಕಂತೆಯಾಗಿ ಇವೆ. ರಿಪೇರಿ ಮಾಡಿದ ಪ್ರತಿ ಫೋನಿನೊಳಗೂ ಅಂಗಡಿಯ ಸ್ಟಿಕ್ಕರ್ ಅಂಟಿಸುತ್ತಿದ್ದೆಯಲ್ಲ, ಅದನ್ನು 'ಸಂಘಟನೆಯ ಗುಪ್ತ ಗುರುತು' ಎಂದು ಬರೆದಿದ್ದಾರೆ. ಒಬ್ಬನಂತೂ ನಿನ್ನನ್ನು 'ಎಲೆಕ್ಟ್ರಾನಿಕ್ಸ್ ತಜ್ಞ' ಮಾಡಿಬಿಟ್ಟಿದ್ದಾನೆ. ನೀನು ಬಿಚ್ಚಿ ಜೋಡಿಸಿದ ನಮ್ಮ ಮಿಕ್ಸಿ ಇವತ್ತಿಗೂ ಪ್ಲಗ್ ಕಿತ್ತರೆ ಮಾತ್ರ ನಿಲ್ಲುತ್ತದೆ. ಅಲ್ಲೇ ಕೂತು ನಕ್ಕೆ, ಆಮೇಲೆ ಅಳು ಬಂತು.

ಬಿಡುಗಡೆಯ ಸುದ್ದಿ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ವಾರಗಟ್ಟಲೆ ಹುಡುಕಿದ ಮೇಲೆ 'ನ್ಯಾಯಾಲಯಗಳು, ಇತರೆ' ಎಂಬ ಪೆಟ್ಟಿಗೆಯಲ್ಲಿ, ಯಾರದೋ ಬಾಡಿಗೆ ಜಗಳದ ಕೆಳಗೆ ಸಿಕ್ಕಿತು. ಬೆರಳಗಲದ ಸುದ್ದಿ. ಅದರಲ್ಲಿ ನ್ಯಾಯಾಲಯ ಎಂಬ ಪದವಿತ್ತು, ಕತ್ತರಿಸಿದವರು ನ್ಯಾಯಾಲಯದ ಪೆಟ್ಟಿಗೆಗೆ ಹಾಕಿದರು. ಭಯೋತ್ಪಾದನೆ ಹುಡುಕಿಕೊಂಡು ಬರುವವರು ಅಲ್ಲಿಗೇಕೆ ಹೋಗುತ್ತಾರೆ?

ಜಗಳ ಮಾಡುವುದಕ್ಕೆಂದೇ ಗ್ರಂಥಪಾಲಕಿಯ ಹತ್ತಿರ ಹೋದೆ. ಸ್ವಲ್ಪ ಸದ್ದಾದರೂ ಶ್ ಎನ್ನುವುದರಿಂದ ಹುಡುಗಿಯರು ಅವರನ್ನು ಶ್ ಮೇಡಂ ಎನ್ನುತ್ತಾರೆ. ಅವತ್ತು ನಾನು ಅಷ್ಟು ಕೂಗಾಡಿದರೂ ಅವರು ಶ್ ಎನ್ನಲಿಲ್ಲ. ಎರಡೂ ಪೆಟ್ಟಿಗೆ ಮುಂದಿಟ್ಟುಕೊಂಡು ಓದಿದರು. "ತುಣುಕು ಜಾಗ ಬದಲಿಸೋದಕ್ಕೆ ನಮ್ಮಲ್ಲಿ ಬರಲ್ಲಮ್ಮಾ. ಆದರೆ ಸುದ್ದೀಲಿ ಇರೋರು ತಾವೇ ಬರೆದು ಸಹಿ ಮಾಡಿದ ಹೇಳಿಕೆ ಕೊಟ್ಟರೆ, ಅದನ್ನ ಭಯೋತ್ಪಾದನೆ ಪೆಟ್ಟಿಗೇಲೇ ಎಲ್ಲಕ್ಕಿಂತ ಮೇಲೆ ಇಡ್ತೀವಿ" ಎಂದರು. ಅಕ್ಕ ಬರೆದುಕೊಟ್ಟರೆ ಆಗುತ್ತದೆಯೇ ಎಂದು ಕೇಳಿದೆ. "ಆಗಲ್ಲ, ಅವರದೇ ಕೈಬರಹ ಬೇಕು" ಎಂದರು. ಜೂನ್‌ನಲ್ಲಿ ಆ ಪೆಟ್ಟಿಗೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಬೇರೆ ಗ್ರಂಥಾಲಯಗಳ ಕಂಪ್ಯೂಟರಿಗೂ ಕಳಿಸುತ್ತಾರಂತೆ. ಅದಕ್ಕೆ ಮೊದಲು ನಿನ್ನ ಹೇಳಿಕೆ ಸೇರದಿದ್ದರೆ ಎಲ್ಲ ಕಡೆಯೂ ನೀನು ಬಾಂಬಿಗೆ ಫೋನು ಕೊಟ್ಟವನಾಗಿಯೇ ಉಳಿಯುತ್ತೀಯ.

ಜೈಲಿನಿಂದ ಹೊರಗೆ ಬಂದ ಮೇಲೆ ನೀನು ಒಳಗಿನ ವಿಷಯ ಒಂದು ಮಾತೂ ಆಡಲಿಲ್ಲ, ನಾನೂ ಕೆದಕಲಿಲ್ಲ. ಪೊಲೀಸರು ನಿನಗೆ ಏನೇನು ಮಾಡಿದರು ಎಂದು ಬರೆ ಎಂದು ಈಗಲೂ ಹೇಳುವುದಿಲ್ಲ. ಗುರುತಿಲ್ಲದವನೊಬ್ಬ ಕೆಟ್ಟುಹೋದ ಫೋನು ತಂದ, ಸರಿಮಾಡಿ ಕೊಟ್ಟೆ, ನನ್ನ ಕೆಲಸವೇ ಅದು, ಅವನು ಅದನ್ನು ಏತಕ್ಕೆ ಬಳಸಿದನೋ ನನಗೆ ಗೊತ್ತಿರಲಿಲ್ಲ, ನ್ಯಾಯಾಲಯ ನನ್ನನ್ನು ಬಿಟ್ಟಿದೆ. ಇಷ್ಟು ಬರೆದರೆ ಸಾಕು. ನನ್ನ ಮಾರ್ಗದರ್ಶಕರು, "ನಿಮ್ಮ ಪ್ರಬಂಧದಲ್ಲಿ ಎಲ್ಲ ಇದೆ, ಮನುಷ್ಯರೇ ಇಲ್ಲವಲ್ಲ" ಎನ್ನುತ್ತಿರುತ್ತಾರೆ. ಅದಕ್ಕಾಗಿ ಕೇಳುತ್ತಿದ್ದಾಳೆ ಎಂದುಕೊಳ್ಳಬೇಡ. ನಿನ್ನ ಕಥೆಯನ್ನು ನನ್ನ ಡಿಗ್ರಿಗೆ ಬಳಸುವುದಿಲ್ಲ, ಆಣೆಗೂ.

ಬಿಸಿನೀರು ಕುಡಿ. ಬೀಡಿ ಮತ್ತೆ ಶುರುಮಾಡಿದ್ದರೆ ಬಿಟ್ಟುಬಿಡು. ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು ಎಂದು ಹರಸುವ,

ನಿನ್ನ ಅಕ್ಕ

ತಾ.ಕ.: ಅಂಚೆ ಡಬ್ಬಿಗೆ ಹಾಕಲು ಹೊರಟವಳು ವಾಪಸ್ ಬಂದು ಲಕೋಟೆ ಬಿಚ್ಚಿದ್ದೇನೆ. ನಿಜ ಹೇಳಲಾ? ನಿನ್ನೆ ನಾನೇ ಆ ಹೇಳಿಕೆ ಬರೆದು ನಿನ್ನ ಸಹಿ ಹಾಕಿಬಿಡೋಣವೆಂದು ಕೂತಿದ್ದೆ. ನಿನ್ನ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಹಾಕುತ್ತಿದ್ದವಳು ನಾನೇ ತಾನೆ. ಪೆನ್ನು ಹಿಡಿದರೆ ನಿನ್ನ ಕೈಬರಹ ಹೇಗಿತ್ತೆಂದೇ ನೆನಪಾಗಲಿಲ್ಲ. ಎಷ್ಟು ಹೊತ್ತು ಕೂತರೂ ನೆನಪಾಗಲಿಲ್ಲ ಕಣೋ. ಹೇಳಿಕೆ ಬರೆಯಲು ಕೈ ಏಳದಿದ್ದರೆ ಬೇಡ, ಆ ಪೆಟ್ಟಿಗೆ ಹಾಗೇ ಹೋಗಲಿ. ನನಗೊಂದು ಕಾರ್ಡು ಹಾಕು. ಇಲ್ಲಿ ಎಲ್ಲರೂ ಮೇಡಂ ಎನ್ನುತ್ತಾರೆ. ಅಕ್ಕಾ ಎನ್ನಲು ನನಗಿರುವವನು ನೀನೊಬ್ಬನೇ. ಆ ಒಂದು ಪದ ಬರೆದರೂ ಸಾಕು.