ಅಮ್ಮ ಹೇಳಿ ಬರೆಸಿದ್ದು

ಮೇ ೧೪, ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತವಳು ಮುನಿಸಿಕೊಂಡಿದ್ದಾಳೆ ಅಂದುಕೊಂಡಿರುತ್ತೀಯ. ಮುನಿಸಲ್ಲ. ಫೋನಿನಲ್ಲಿ ಹೇಳೋಣವೆಂದರೆ ಈ ಎರಡು ಕೋಣೆಯ ಮನೆಯಲ್ಲಿ ಅಮ್ಮನ ಕಿವಿಗೆ ಬೀಳದ ಮಾತೇ ಇಲ್ಲ. ಈಗ ಅವಳು ಔಷಧಿ ತರಲು ಹೋಗಿದ್ದಾಳೆ. ನನ್ನನ್ನು ಬೈಯುವುದನ್ನು ಕೊನೆಗಿಟ್ಟುಕೊಂಡು ಮೊದಲು ಓದು.

ನಾವಿಬ್ಬರೂ ಚೆನ್ನಾಗಿದ್ದೇವೆ. ಬಿಸಿಲಿಗೆ ನನ್ನ ಬೆನ್ನಿನ ಹುಣ್ಣು ಮತ್ತೆ ಕೆಂಪಾಗಿತ್ತು, ಈಗ ಒಣಗಿದೆ. ಕೆಲಸ ಕೈತುಂಬ ಇದೆ. ಕಟ್ಟುಹಲ್ಲು ಮಾಡಲು ದಂತವೈದ್ಯರು ಕಳಿಸಿದ ಬಾಯಿಯ ಅಚ್ಚುಗಳು ಕಿಟಕಿಯ ಪಕ್ಕದ ಮೇಜಿನ ಮೇಲೆ ಸಾಲಾಗಿ ಕೂತಿವೆ. ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತೇನೆ. ಮೆಟ್ಟಿಲಿಂದ ಬಿದ್ದು ಸೊಂಟದಿಂದ ಕೆಳಗಿನದೆಲ್ಲ ನನ್ನ ಮಾತು ಕೇಳುವುದನ್ನು ಬಿಟ್ಟರೂ ಬೆರಳುಗಳು ಕೈಬಿಟ್ಟಿಲ್ಲವಲ್ಲ, ಅದೇ ಪುಣ್ಯ. "ಊರಿನ ಹಲ್ಲೆಲ್ಲ ನಮ್ಮನೇಲಿ ಕೂತು ನಗ್ತಾವೆ, ಮನೆಯವರು ಮಾತ್ರ ಮುಖ ಗಂಟಿಕ್ಕಿಕೊಂಡು ಇರ್ತೀವಿ" ಅನ್ನುತ್ತಾಳೆ ಅಮ್ಮ.

ಇನ್ನು ನೀನು ಕೇಳಿದ್ದು. "ಆ ಬ್ಲಾಗು ಯಾಕೆ ಬೇಕಿತ್ತು? ಅಮ್ಮ ಫೋನಿನಲ್ಲಿ ಅತ್ತಳು. ಮೊದಲು ತೆಗೆದುಹಾಕು" ಎಂದು ಬರೆದಿದ್ದೀಯ. ನಡೆದದ್ದನ್ನು ಹೇಳುತ್ತೇನೆ, ಆಮೇಲೆ ನೀನೇ ಹೇಳು.

ಚಳಿಗಾಲದಲ್ಲಿ ಒಂದು ದಿನ ಬ್ಯಾಂಕಿಗೆ ಹೋಗಿದ್ದೆವು. ಅಲ್ಲಿನ ಗುಮಾಸ್ತೆ ನನ್ನ ತಲೆಯ ಮೇಲಿಂದ ಅಮ್ಮನನ್ನು ನೋಡಿ, "ಇವರು ಸಹಿ ಹಾಕ್ತಾರಾ?" ಎಂದಳು. ಪೆನ್ನು ನನ್ನ ಕೈಯಲ್ಲೇ ಇತ್ತು. "ಹಾಕ್ತೀನಿ" ಎಂದೆ. ಅವಳು ಮತ್ತೆ ಅಮ್ಮನಿಗೇ, "ಸರಿ, ಎಲ್ಲಿ ಹಾಕ್ಬೇಕು ಅಂತ ನೀವೇ ತೋರಿಸಿಬಿಡಿ" ಎಂದಳು. ಅಮ್ಮ ತೋರಿಸಿದಳು. ನಾನು ಹಾಕಿದೆ.

ಮರುದಿನ, ಮನೆಗೆ ಬಂದು ಕಾಲಿಗೆ ವ್ಯಾಯಾಮ ಮಾಡಿಸುವಾಕೆಯ ಎದುರು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆಕೆ ನನ್ನ ಮೊಣಕಾಲು ಮಡಿಸುತ್ತಲೇ, "ಇಷ್ಟು ಚೆನ್ನಾಗಿ ಬೈತೀರಲ್ಲ, ಗೋಡೆ ಕೇಳಿಸ್ಕೊಂಡ್ರೆ ಏನು ಬಂತು? ಬರೀರಿ" ಎಂದು ಅವತ್ತೇ ನನ್ನ ಫೋನಿನಲ್ಲಿ ಬ್ಲಾಗು ತೆರೆದುಕೊಟ್ಟಳು. ಬ್ಯಾಂಕಿನ ಕಥೆಯನ್ನು ಬರೆದೆ. ಓದಿದವರು ಆಕೆ, ಆಕೆಯ ಗಂಡ, ಮತ್ತೆ ನಾನು. ಹೆಚ್ಚು ಸಲ ಓದಿದವಳು ನಾನೇ.

ಎಡವಟ್ಟಾದದ್ದು ಎರಡನೆಯದರಿಂದ. ಅದರಲ್ಲಿ ಸ್ನಾನದ ವಿಷಯ ಬರೆದೆ. ಅಮ್ಮ ನನ್ನನ್ನು ಎತ್ತಿ ಕುರ್ಚಿಗೆ ಕೂರಿಸುವುದು, ಬಟ್ಟೆ ತೆಗೆಯುವುದು, ಆ ಹೊತ್ತಿನಲ್ಲಿ ನಾನು ಗೋಡೆಯ ಬಿರುಕನ್ನೇ ನೋಡುವುದು. ಹೊರಗೆ ಹೋಗುವ ದಿನ ಶೌಚದ ಭಯಕ್ಕೆ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ಇರುವುದನ್ನೂ ಬರೆದೆ. ಎದುರು ಮನೆಯಾಕೆ ಅದನ್ನು ಓದಿ, ಬಟ್ಟೆ ಒಣಹಾಕುವ ಜಾಗದಲ್ಲಿ ಅಮ್ಮನ ಕೈ ಹಿಡಿದುಕೊಂಡು, "ಪಾಪ, ನಿಮ್ಮನೇಲಿ ಏನೇನೆಲ್ಲ ಅನುಭವಿಸ್ತಿದ್ದೀರಿ" ಎಂದಳಂತೆ.

ಅಮ್ಮ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. "ಬಚ್ಚಲಮನೆ ಬಾಗಿಲನ್ನ ಬೀದಿಗೆ ತೆಗೆದಿಟ್ಟಿದ್ದೀಯಲ್ಲೇ! ನಿಂಗೆ ನಾಚಿಕೆ ಇಲ್ದಿದ್ರೆ ಬೇಡ, ನಂಗಿದೆ!"

ನಿನಗೆ ಫೋನು ಮಾಡಿ ಅತ್ತದ್ದು ಆಗಲೇ. ಆಮೇಲೆ ಮಾತು ಬಿಟ್ಟಳು. ಮಾತು ಬಿಟ್ಟವರು ಬೇರೆ ಕೋಣೆಗೆ ಹೋಗಬಹುದು, ಅಕ್ಕ. ನಮಗೆ ಆ ಸೌಕರ್ಯ ಇಲ್ಲ. ನನ್ನ ಕಂಕುಳಲ್ಲಿ ಕೈ ಹಾಕಿ, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಬಂದು, ತುಟಿ ಬಿಗಿದುಕೊಂಡು ಎತ್ತುತ್ತಿದ್ದಳು. ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು.

ಬರೆದದ್ದನ್ನು ಅಳಿಸಿಬಿಡೋಣ ಎಂದು ನಾನೇ ಫೋನು ತೆಗೆದೆ. ಕೆಳಗೆ ಯಾರೋ ಅಪರಿಚಿತ ಹೆಂಗಸು ಒಂದು ಮಾತು ಬರೆದಿದ್ದಳು. ಅಮ್ಮ ಮಂಚದ ತುದಿಯಲ್ಲಿ ಹೊದಿಕೆ ಮಡಿಸುತ್ತಿದ್ದಳು. ಅವಳಿಗೆ ಕೇಳಲಿ ಎಂದೇ ಜೋರಾಗಿ ಓದಿದೆ: "ನೀರು ಕುಡಿಯದೆ ಇರೋಳು ನಾನೊಬ್ಬಳೇ ಅಂದ್ಕೊಂಡಿದ್ದೆ. ನನ್ನ ಮನೇಲಿ ಯಾರಿಗೂ ಗೊತ್ತಿಲ್ಲ."

ಅಮ್ಮನ ಕೈ ನಿಂತಿತು. "ನೀನೂ ಕುಡಿಯಲ್ವಾ?"

ಅವಳು ನನ್ನ ಬರಹವನ್ನು ಓದಿಯೇ ಇರಲಿಲ್ಲ. ಎದುರು ಮನೆಯಾಕೆ ಹೇಳಿದಷ್ಟೇ ಗೊತ್ತಿತ್ತು.

"ಬ್ಯಾಂಕಿಗೆ ಹೋದ ದಿನ?"

"ಇಲ್ಲ."

"ಆಸ್ಪತ್ರೆಗೆ ಹೋದಾಗ್ಲೆಲ್ಲ?"

"ಇಲ್ಲಮ್ಮ."

ಅವಳು ಎದ್ದು ಹೋಗಿ ಒಂದು ಲೋಟ ನೀರು ತಂದಳು. ನಾನು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದಳು. ಆಮೇಲೆ, "ಪೂರ್ತಿ ಓದು" ಎಂದಳು. ಓದಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. "ಎಲ್ಲ ನಿಂದೇ ಬರ್ಕೊಂಡಿದ್ದೀಯ. ಎತ್ತೋಳು ಏನು ಮರದ ಗೊಂಬೇನಾ? ನಂದೂ ಬರಿ" ಎಂದಳು.

ಹೀಗೆ ಮೂರನೆಯದು ಅಮ್ಮನದು. ಅವಳು ಹೇಳಿದಳು, ನಾನು ಬರೆದುಕೊಂಡೆ. "ಇವಳನ್ನ ಎತ್ತುವಾಗ ನನ್ನ ಸೊಂಟ ಚುಳ್ ಅನ್ನುತ್ತೆ. ಹೇಳಲ್ಲ. ಹೇಳಿದ್ರೆ ಇವಳು ಊಟಾನೂ ಕಡಿಮೆ ಮಾಡ್ತಾಳೆ, ಹಗುರಾಗೋಕೆ. ಗೋಡೆ ನೋಡ್ತೀನಿ ಅಂತ ಬರೆದಿದ್ದಾಳೆ. ನಾನೂ ಅವಳನ್ನ ನೋಡಲ್ಲ, ಸೋಪು ನೋಡ್ತೀನಿ." ಅದಕ್ಕೆ ಬಂದಷ್ಟು ಓದುಗರು ನನ್ನ ಎರಡಕ್ಕೂ ಸೇರಿ ಬಂದಿಲ್ಲ. ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಮುಚ್ಚಿಡುವುದೇನು.

ಸ್ನಾನದ ಬರಹವನ್ನು ತೆಗೆಯಲೇ ಎಂದು ಕೇಳಿದಾಗ ಅವಳೇ, "ಇರ್ಲಿ ಬಿಡು. ಆ ಹೆಂಗಸು ಮತ್ತೆ ಬಂದು ನೋಡಿದ್ರೆ?" ಎಂದಳು. ಆದ್ದರಿಂದ ಬ್ಲಾಗು ಇರುತ್ತದೆ, ಅಕ್ಕ. ನಿನ್ನ ಮನೆಯವರು ಏನಾದರೂ ಅಂದರೆ ಅಮ್ಮನ ಹತ್ತಿರ ಕಳಿಸು.

ಭಾವನಿಗೆ ನನ್ನ ನಮಸ್ಕಾರ. ಮಗಳಿಗೆ ಚಿಕ್ಕಮ್ಮನ ಮುತ್ತು. ಓದಿನಲ್ಲಿ ಮುಂದೆ ಬರಲಿ, ಆರೋಗ್ಯವಾಗಿರಲಿ. ಅಮ್ಮನ ಆಶೀರ್ವಾದ ನಿಮ್ಮೆಲ್ಲರ ಮೇಲೆ ಇದ್ದೇ ಇದೆ.

ನಿನ್ನ
ಗುಬ್ಬಿ

ತಾ. ಕ.: ಅಮ್ಮ ಹೇಳಿ ಬರೆಸಿದ ಕೊನೆಯ ಮಾತನ್ನು ಮಾತ್ರ ನಾನು ಬ್ಲಾಗಿಗೆ ಹಾಕಲಿಲ್ಲ. "ನಾನು ಹೋಗೋದಕ್ಕೆ ಒಂದು ದಿನ ಮುಂಚೆ ಇವಳನ್ನ ಕರ್ಕೊಂಡುಬಿಡಪ್ಪಾ ಅಂತ ದಿನಾ ದೇವರನ್ನ ಬೇಡ್ಕೋತೀನಿ" ಎಂದಳು. ಮಳೆ ಬರೋ ಹಾಗಿದೆ, ಬಟ್ಟೆ ತೆಗೀಬೇಕು ಅನ್ನುವಂಥ ದನಿಯಲ್ಲಿ. ಹೇಳಿ, ನನ್ನ ಕಾಲಿನ ಮೇಲಿನ ಹೊದಿಕೆ ಸರಿಮಾಡಿ ಒಳಗೆ ಹೋದಳು. ಅದು ಪ್ರೀತಿಯೇ ಎಂದು ನನಗೆ ಗೊತ್ತು. ಆದರೆ ನನಗಿನ್ನೂ ನಲವತ್ತು ತುಂಬಿಲ್ಲ, ಅಕ್ಕ. ಅಮ್ಮ ಹೋದ ಮೇಲೂ ಬದುಕಿರಬೇಕೆಂದು ನನಗೆ ಆಸೆ. ಅವಳೆದುರು ಅದನ್ನು ಹೇಳುವ ಬಾಯಿ ಮಾತ್ರ ನನಗಿಲ್ಲ.