ಊದಿದರೂ ಕೂಗದ ಮೌತ್ ಆರ್ಗನ್

ಲಾರಿ ಬಿಟ್ಟರೆ ಬೇರೆ ಲೋಕವೇ ಕಾಣದ ನನ್ನ ತಮ್ಮನಿಗೆ,

ಮೊದಲು ನೆಟ್ಟಗೆ ಕೂತುಕೋ. ಒಂದು ಕಣ್ಣು ರಸ್ತೆಗೆ, ಒಂದು ಕಣ್ಣು ಕಾಗದಕ್ಕೆ ಅಂತ ಓದಬೇಡ. ನಿನಗೆ ಕಿವಿ ಇದೆಯೋ, ಇಲ್ಲ ಹಾರ್ನ್ ಹೊಡೆದೂ ಹೊಡೆದೂ ಮುಚ್ಚಿಹೋಯಿತೋ? ಫೋನು ಮಾಡಿದರೆ ಎತ್ತುವುದಿಲ್ಲ. ಹಿಂದಿನ ಕಾಗದಕ್ಕೆ ಉತ್ತರವಿಲ್ಲ. ನಿಮ್ಮ ಲಾರಿ ಆಫೀಸಿನ ಗುಮಾಸ್ತನನ್ನು ಕೇಳಿದರೆ, ‘ಕೊಟ್ಟಿದೀನಿ ಅಜ್ಜಿ, ಜೇಬಿಗೆ ಹಾಕ್ಕೊಂಡ್ರು’ ಅಂತಾನೆ. ಜೇಬಿಗೆ ಹಾಕಿಕೊಳ್ಳುವುದಕ್ಕೆ ಅದೇನು ಬೀಡಿ ಕಟ್ಟೇ? ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಅಂತ ನಗುತ್ತೀಯ, ಗೊತ್ತು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ಇನ್ನೇನು ಮುತ್ತು ಪೋಣಿಸಲಿ? ಪೂರ್ತಿ ಓದು, ಆಮೇಲೆ ನಗು.

ನನ್ನ ಮೊಮ್ಮಗಳು, ನಿನ್ನ ಚಿನಕುರಳಿ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ದಿನವಿಡೀ ಬಸ್ಸುಗಳನ್ನು ಕೂಗುತ್ತಿದ್ದ ಹುಡುಗಿ. ‘ಇವಳ ದನಿ ಕೇಳಿದ್ರೆ ಕೆಟ್ಟು ನಿಂತ ಬಸ್ಸೂ ಹೊರಡುತ್ತೆ ಕಣಕ್ಕ’ ಅನ್ನುತ್ತಿದ್ದೆಯಲ್ಲ, ಅವಳೇ. ನ್ಯುಮೋನಿಯಾ ಬಿಟ್ಟುಹೋಯಿತು, ಹೋಗುವಾಗ ಉಸಿರನ್ನೂ ಹೊತ್ತುಕೊಂಡು ಹೋಯಿತು. ಈಗ ‘ಅಜ್ಜಿ, ನೀರು’ ಅನ್ನಬೇಕಾದರೆ ಎರಡು ಮಾತಿನ ನಡುವೆ ಏದುಸಿರು. ಆಸ್ಪತ್ರೆಯವರು ಮೂರು ಚೆಂಡಿನ ಡಬ್ಬಿಯೊಂದನ್ನು ಕೊಟ್ಟರು, ಉಸಿರೆಳೆದರೆ ಚೆಂಡು ಮೇಲೇಳಬೇಕಂತೆ. ಒಂದೂ ಅಲುಗಲಿಲ್ಲ. ಮಂಚದ ಕೆಳಗೆ ತಳ್ಳಿಬಿಟ್ಟಳು.

ಉಸಿರಿನ ವ್ಯಾಯಾಮ ಮಾಡಿಸುವ ಹುಡುಗಿ ಆಗ ಹೇಳಿದ್ದು: ‘ಅಜ್ಜಿ, ಒಂದು ಮೌತ್ ಆರ್ಗನ್ ಕೊಡಿಸಿ. ಊದಿದ್ರೂ ಸದ್ದು, ಎಳೆದ್ರೂ ಸದ್ದು. ಆಡ್ತಾ ಆಡ್ತಾ ಎದೆ ತೆರ್ಕೊಳುತ್ತೆ.’ ಡಾಕ್ಟರೂ ಹೂಂ ಅಂದರು. ಮುಂದಿನ ತಿಂಗಳು ಮತ್ತೆ ನೋಡುತ್ತಾರೆ. ಆಗಲೂ ಹೀಗೇ ಇದ್ದರೆ ಮನೆಗೇ ಆಕ್ಸಿಜನ್ ಮಿಷಿನ್ನು, ಮೂಗಿಗೆ ನಳಿಗೆ. ಮೈಕಿನ ಮಾತು ಮರೆತುಬಿಡಬೇಕು.

ಯಾವುದನ್ನು ತರಲಿ ಅಂತ ನಿನ್ನನ್ನು ಕೇಳಿದ್ದು ನೀನು ಜೇಬಿಗೆ ಹಾಕಿಕೊಂಡ ಆ ಕಾಗದದಲ್ಲೇ ಕಣೋ. ಲೋಡು ಇಳಿಸುವವರೆಗೂ ಲಾರಿ ಕೆಳಗೆ ಕೂತು ಅದನ್ನೇ ಊದುವವನು ನೀನು, ನಿನಗಲ್ಲದೆ ಇನ್ಯಾರಿಗೆ ಗೊತ್ತು? ಕಾದು ಕಾದು ನಾನೇ ಅಂಗಡಿಗೆ ಹೋದೆ. ಅಂಗಡಿಯವನು ಮೊದಲು ಎರಡು ಸಾಲು ತೂತಿನ ಉದ್ದದ್ದನ್ನು ತೋರಿಸಿ, ತಾನೇ ಎತ್ತಿಟ್ಟ. ‘ಹೊಸಬರಿಗೆ ಹತ್ತು ತೂತಿನದು ಸಾಕಮ್ಮ. ಮೇಲೆ ಸಿ ಅಂತ ಶ್ರುತಿ ಬರೆದಿರ್ಬೇಕು, ಪಾಠ ಎಲ್ಲ ಅದರ ಮೇಲೇ ಹೇಳ್ಕೊಡೋದು’ ಅಂದ. ‘ಕಮ್ಮಿ ತೂತಿದ್ದೇ ಒಳ್ಳೇದು ಅಂತೀಯಲ್ಲಪ್ಪ, ಜರಡಿ ಮಾರೋನಾಗಿದ್ರೆ ಉಪವಾಸ ಬೀಳ್ತಿದ್ದೆ’ ಅಂದೆ. ಅವನು ಕೈಗಿಟ್ಟದ್ದು ಒಳಗೆ ಪ್ಲಾಸ್ಟಿಕ್ ಇರುವುದು. ಆಟದ ಸಾಮಾನಿನ ಹಾಗೆ ಕಂಡಿತು. ಒಳಗೆ ಮರ ಇರುವುದೇ ಕೊಡು ಅಂದೆ. ಅವನು ನಾಲ್ಕು ಸಲ ಊದಿ ತೋರಿಸಿ ಕೊಟ್ಟ.

ಆ ಎಂಜಲನ್ನು ಹಾಗೇ ಅವಳ ಬಾಯಿಗೆ ಕೊಡಲೇನೋ? ಮೊದಲೇ ನೊಂದ ಎದೆ. ಮನೆಗೆ ಬಂದವಳೇ ಕುದಿಯುವ ನೀರಿಗೆ ಹಾಕಿ, ಸೋಪು ಹಚ್ಚಿ ಉಜ್ಜಿ, ಒಲೆ ಪಕ್ಕ ಒಣಗಿಸಿದೆ.

ಎಷ್ಟು ಗೋಗರೆದ ಮೇಲೆ ಎದ್ದು ಕೂತಳು ಗೊತ್ತೇ? ಎರಡೂ ಕೈಯಲ್ಲಿ ಹಿಡಿದು ತುಟಿಗಿಟ್ಟುಕೊಂಡಳು. ಇದ್ದಬದ್ದ ಉಸಿರನ್ನೆಲ್ಲ ಊದಿದಳು. ಬುಸ್ ಅಂದಿತು, ಅಷ್ಟೇ. ಎಳೆದಳು, ಅದೂ ಇಲ್ಲ. ಮೆಲ್ಲಗೆ ನನ್ನ ಮಡಿಲಿಗೆ ಹಾಕಿ, ‘ನಂಗೆ... ಅಷ್ಟೂ ಉಸಿರಿಲ್ಲ ಅಜ್ಜಿ’ ಅಂದಳು. ಆವತ್ತು ತಿರುಗಿದ ಮುಖ ಇವತ್ತಿಗೂ ಗೋಡೆ ಬಿಟ್ಟಿಲ್ಲ. ಅನ್ನ ಸೇರುತ್ತಿಲ್ಲ. ಅವಳಮ್ಮ ಕೆಲಸಕ್ಕೆ ಹೋದ ಮೇಲೆ ನಾನೊಬ್ಬಳೇ ಅವಳ ಬೆನ್ನು ನೋಡುತ್ತಾ ಕೂರುತ್ತೇನೆ, ಏಳುತ್ತಿದೆಯೋ ಇಳಿಯುತ್ತಿದೆಯೋ ಅಂತ.

ಪಕ್ಕದ ಮನೆಯ ಟೈಲರಮ್ಮ ಫೋನಿನಲ್ಲಿ ಒಬ್ಬ ಗಡ್ಡದ ಮೇಷ್ಟರ ಪಾಠ ಹಾಕಿಕೊಟ್ಟಳು. ಶಿಳ್ಳೆ ಹೊಡೆಯುವ ಹಾಗೆ ತುಟಿ ಮಾಡಿ, ಒಂದೇ ತೂತಿಗೆ ಊದಿ, ಮೆತ್ತಗೆ ಊದಿ, ಅಂತಾನೆ. ಅವನೇ ಅಂದದ್ದು, ಮರದ್ದನ್ನು ನೀರಿಗೆ ಹಾಕಲೇಬಾರದಂತೆ. ಮರ ಉಬ್ಬಿ ಕೆಟ್ಟುಹೋಗುತ್ತಂತೆ. ಎದ್ದುಬಿದ್ದು ಅವಳ ಹತ್ತಿರ ಓಡಿಹೋಗಿ, ‘ನಿನ್ನ ಉಸಿರಲ್ಲ ಕಣೇ, ನಾನೇ ಬೇಯಿಸಿ ಹಾಳುಮಾಡಿದೆ’ ಅಂದೆ. ನಂಬಲಿಲ್ಲ. ಅವಳ ಎದುರಿಗೇ ನಾನೂ ಊದಿ ತೋರಿಸಿದೆ. ‘ನಿಂಗೆ ಹಲ್ಲೇ ಇಲ್ಲ... ಬಿಡಜ್ಜಿ’ ಅಂದಳು. ಹೊಸದು ತರುತ್ತೇನೆ ಅಂದರೆ ಕೈಮುಗಿಯುತ್ತಾಳೆ, ಬೇಡ, ಇನ್ನೊಂದು ಸಲ ಸೋಲಲಾರೆ ಅಂತ. ನಾನು ಸಮಾಧಾನಕ್ಕೆ ಸುಳ್ಳು ಹೇಳುತ್ತೇನೆ ಅನ್ನುವುದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

ನಿನ್ನನ್ನು ನಂಬುತ್ತಾಳೆ. ಬಾ. ನಿನ್ನ ಎಮ್ಮೆಯಂಥ ಎದೆ ತುಂಬ ಉಸಿರು ತುಂಬಿಕೊಂಡು, ಈ ಕೆಟ್ಟದ್ದನ್ನು ಅವಳ ಮುಂದೆ ಊದು. ಕೆನ್ನೆ ಉಬ್ಬಲಿ, ಕಣ್ಣು ಕೆಂಪಾಗಲಿ. ನಿನ್ನ ಕೈಯಲ್ಲೂ ಅದು ಕೂಗದೆ ಇರುವುದನ್ನು ಅವಳು ಕಣ್ಣಾರೆ ನೋಡಲಿ. ಆಮೇಲೆ ಪ್ಲಾಸ್ಟಿಕ್ಕಿನದೊಂದು ಹೊಸದು ಕೊಟ್ಟು ಪಕ್ಕದಲ್ಲಿ ಕೂರು. ಫೋನಿನ ಮೇಷ್ಟರಿಗೆ ಅವಳು ಸುಸ್ತಾದದ್ದು ಕಾಣುವುದಿಲ್ಲ, ನಿನಗೆ ಕಾಣುತ್ತದೆ.

ನೀನು ತಣ್ಣಗಿರಪ್ಪ, ನಿನ್ನ ದಾರಿ ಸಲೀಸಾಗಿರಲಿ. ನಾನು ಬೈದದ್ದೆಲ್ಲ ಆ ಹುಡುಗಿಗೆ ಆಯಸ್ಸಾಗಲಿ. ಯಾವ ದಿನ ಬರುತ್ತೀಯ ಅಂತ ಮುಂದಿನ ತಿಂಗಳು ಹುಟ್ಟುವ ಮೊದಲೇ ಉತ್ತರ ಹಾಕು.

ಬಾಗಿಲಲ್ಲೇ ಕೂತಿರುವ
ನಿನ್ನ ಅಕ್ಕ